ಬಾರದವನೇ ಕಾರ್ಯದರ್ಶಿ

ಯಲಬುರ್ಗಾದ ಗೆಳೆಯನ ಮಗನ ಜಾವಳಕ್ಕೆ ಹೋಗಿ ಹೊಟ್ಟೆ ಬಿರಿಯುವಂತೆ ಬಾಡೂಟ ಉಂಡದ್ದೇ ಗಿರಣಿ ಬಾಲಪ್ಪನಿಗೆ ಮುಳುವಾಯಿತು. ಉಂಡು, ಎಲೆಯಡಿಕೆ ಹಾಕಿಕೊಂಡು, ಬಸ್ಸಿನಲ್ಲಿ ಒಂದು ಸೊಗಸಾದ ನಿದ್ದೆ ತೆಗೆದು, ಸಂಜೆಗೆ ಇರಕಲ್ಲಗಡದಲ್ಲಿ ಇಳಿದು ಮನೆಗೆ ಬಂದರೆ ಹೆಂಡತಿ ಲಲಿತಾ ಬಾಗಿಲಲ್ಲೇ ನಿಂತು ಸುದ್ದಿ ಹೇಳಿದಳು.

“ನಿಮ್ಮನ್ನ ಜೇನು ಸಂಘದ ಕಾರ್ಯದರ್ಶಿ ಮಾಡ್ಯಾರ.”

“ಯಾರು? ನನ್ನ ಕೇಳದನ?”

“ಕೇಳಾಕ ನೀವೆಲ್ಲಿದ್ರಿ? ಸಭಾಕ್ಕ ಬರದಾಂವ ನೀವೊಬ್ರ. ಎಲ್ಲಾರೂ ಕೈ ಎತ್ತಿದ್ರು.”

“ನೀನೂ ಅಲ್ಲೇ ಇದ್ದೆಲ್ಲ. ನೀನರ ಬ್ಯಾಡ ಅನ್ನಬಾರದಾ?”

“ನಾನೂ ಎತ್ತಿದೆ,” ಎಂದಳು ಲಲಿತಾ. “ಎಲ್ಲಾರೂ ಕೈ ಎತ್ತಿದಾಗ ನಾನೊಬ್ಬಾಕಿ ಕೆಳಗಿಟ್ಕೊಂಡು ಕುಂತ್ರ ಚಂದ ಕಾಣತೈತೇನು?”

ಬೇರೆ ಊರಿನ ಸಂಘಗಳಲ್ಲಿ ಕುರ್ಚಿಗಾಗಿ ತಲೆ ಒಡೆದುಕೊಳ್ಳುತ್ತಾರೆ. ಇರಕಲ್ಲಗಡದ ಜೇನು ಸಾಕಣೆದಾರರ ಸಂಘದಲ್ಲಿ ಕುರ್ಚಿ ಕಂಡರೆ ಓಡುತ್ತಾರೆ. ಅಧ್ಯಕ್ಷಗಿರಿಯ ಮಾತು ಬೇರೆ. ಅದಕ್ಕೆ ಹಾರ ಇದೆ, ಶಾಲು ಇದೆ, ವೇದಿಕೆಯ ಮೇಲೆ ನಟ್ಟನಡುವಿನ ಜಾಗ ಇದೆ. ಅದನ್ನು ಗೊಬ್ಬರದ ಅಂಗಡಿ ಗೋವಿಂದರಾಜ ಸಂಘ ಹುಟ್ಟಿದ ದಿನವೇ ಗಟ್ಟಿಯಾಗಿ ಹಿಡಿದುಕೊಂಡಿದ್ದ. ಕಾರ್ಯದರ್ಶಿಗೆ ಹಾರವೂ ಇಲ್ಲ, ಶಾಲೂ ಇಲ್ಲ. ಇರುವುದು ಸಂಘದ ಒಂದು ಮೊಬೈಲು ಮತ್ತು ಅದು ಕೂಗಿದಲ್ಲಿಗೆ ಓಡುವ ಭಾಗ್ಯ. ಹೀಗಾಗಿ ಯಾರೂ ಬರೆಯದ ಒಂದು ನಿಯಮ ತಾನೇ ಹುಟ್ಟಿಕೊಂಡಿತ್ತು: ವರ್ಷದ ಸಭೆಗೆ ಬಾರದವನೇ ಮುಂದಿನ ಕಾರ್ಯದರ್ಶಿ. ಇಬ್ಬರು ತಪ್ಪಿಸಿಕೊಂಡಿದ್ದರೆ ಅವರಲ್ಲಿ ಹೆಚ್ಚು ಪಾಪದವನು. ಚರ್ಚೆಯಿಲ್ಲ, ಚೀಟಿಯಿಲ್ಲ, ಎಲ್ಲ ಅವಿರೋಧ. ವಿರೋಧ ಮಾಡಬೇಕಾದವನೇ ಅಲ್ಲಿ ಇರುವುದಿಲ್ಲವಲ್ಲ!

ಸಂಘದ ಕೆಲಸವೇನೋ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಹೂ ಬಿಡುವ ಕಾಲಕ್ಕೆ ಸುತ್ತಲಿನ ರೈತರ ಹೊಲಗಳಿಗೆ ಜೇನುಪೆಟ್ಟಿಗೆಗಳನ್ನು ಬಿಟ್ಟಿಯಾಗಿ ಇಟ್ಟು ಬರುತ್ತಿದ್ದರು. ಹುಳ ಹೂವಿಂದ ಹೂವಿಗೆ ಓಡಾಡಿದರೆ ಕಾಳು ಗಟ್ಟಿಯಾಗುತ್ತದೆ, ಇಳುವರಿ ಏರುತ್ತದೆ. ಯಾರದಾದರೂ ಮನೆಯಲ್ಲಿ, ಶಾಲೆಯಲ್ಲಿ ಜೇನು ಬಂದು ಕೂತರೆ ಮೊದಲೆಲ್ಲ ಪಂಜು ಹಚ್ಚಿ ಸುಡುತ್ತಿದ್ದ ಊರವರು ಈಗ ಸಂಘಕ್ಕೆ ಹೇಳುತ್ತಿದ್ದರು; ಸಂಘದವರು ಬಂದು ಹುಳ ಸಾಯದಂತೆ ಹಿಡಿದು ಒಯ್ಯುತ್ತಿದ್ದರು. ತಪ್ಪಾದದ್ದು ಒಂದೇ. ಗೋವಿಂದರಾಜ ತನ್ನ ಹುರುಪಿನಲ್ಲಿ ಹಿಟ್ನಾಳದಿಂದ ಕುಷ್ಟಗಿಯವರೆಗೆ ಸಿಕ್ಕ ಗೋಡೆಗೆಲ್ಲ ಹಳದಿ ಬಣ್ಣದಲ್ಲಿ “ಜೇನು ಕಂಡರೆ ಸುಡಬೇಡಿ, ಫೋನ್ ಮಾಡಿ” ಎಂದು ಬರೆಸಿ, ಕೆಳಗೆ ಆ ಮೊಬೈಲಿನ ನಂಬರು ಹಾಕಿಸಿಬಿಟ್ಟಿದ್ದ.

ಬಾಲಪ್ಪನ ಹೊಟ್ಟೆಪಾಡು ಹಿಟ್ಟಿನ ಗಿರಣಿ. ಗಿರಣಿಯ ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟು ದಿನಕ್ಕೆ ಕೆಲವೇ ತಾಸು ಬರುತ್ತಿತ್ತು. ಆ ಮೊಬೈಲಿಗೂ ಕರೆಂಟಿಗೂ ಏನು ನಂಟೋ, ಕರೆಂಟು ಬಂತೆಂದರೆ ಅದು ಕೂಗಲೇಬೇಕು. ಬಾಲಪ್ಪ ಜೋಳ ಅರ್ಧ ಬೀಸಿದಲ್ಲೇ ಬಿಟ್ಟು, ಹುಳ ಕಚ್ಚದಂತೆ ಮುಖ ಮುಚ್ಚುವ ಜಾಳಿಗೆ ಟೊಪ್ಪಿಗೆ ಹಾಕಿಕೊಂಡು ಓಡಬೇಕು. ಅವನು ಬರುವಷ್ಟರಲ್ಲಿ ಕರೆಂಟು ಹೋಗಿರುತ್ತಿತ್ತು, ಅದರ ಹಿಂದೆಯೇ ಗಿರಾಕಿಗಳೂ ಬುಟ್ಟಿ ಹೊತ್ತು ಬಸ್‌ಸ್ಟ್ಯಾಂಡಿನ ಹತ್ತಿರದ ಹೊಸ ಗಿರಣಿಗೆ ಹೋಗಿರುತ್ತಿದ್ದರು. ಎರಡನೆಯ ವರ್ಷದ ಸಭೆಯ ದಿನ ಬಾಲಪ್ಪ ಸವೆದ ಬೀಸುಗಲ್ಲು ಕಟೆಯಿಸಲು ಗಂಗಾವತಿಗೆ ಹೋಗಿದ್ದ. ಮೂರನೆಯ ವರ್ಷ ಸಂಘದ ಕೆಲಸಕ್ಕೇ ಸಾಣಾಪುರದ ಒಂದು ಹೋಟೆಲಿನ ಸೂರಿನಿಂದ ಜೇನು ಇಳಿಸುತ್ತಿದ್ದ. ಸಂಘ ಅವನನ್ನು ಎರಡು ಸಲವೂ ಚಪ್ಪಾಳೆ ತಟ್ಟಿ ಆರಿಸಿತ್ತು. ಇನ್ನೊಂದು ವರ್ಷ ಇದೇ ನಡೆದರೆ ಗಿರಣಿಗೆ ಬೀಗ ಜಡಿದು, ಬೀಗದ ಕೈಯನ್ನು ಜೇನುಪೆಟ್ಟಿಗೆಯಲ್ಲಿ ಇಡಬೇಕಷ್ಟೆ ಎಂಬುದು ಗಂಡ ಹೆಂಡಿರಿಬ್ಬರಿಗೂ ಗೊತ್ತಿತ್ತು.

ಆ ಜಾವಳದ ವರ್ಷದಿಂದ ಎಣಿಸಿದರೆ ಇಂದು ನಾಲ್ಕನೆಯ ಸಭೆ. ಸಂಜೆ ನಾಲ್ಕಕ್ಕೆ, ಸಮುದಾಯ ಭವನದಲ್ಲಿ.

ಬಾಲಪ್ಪ ಮುಂಜಾನೆಯೇ ಜಳಕ ಮಾಡಿ, ಒಗೆದ ಧೋತರ ಉಟ್ಟು, ಇಸ್ತ್ರಿ ಅಂಗಿ ತೊಟ್ಟು ಗಿರಣಿಯಲ್ಲಿ ಮದುಮಗನಂತೆ ಕೂತ. “ಇವತ್ತ ಹುಳ ಬಂದು ನನ್ನ ಮೂಗಿನ ಮ್ಯಾಲೆ ಕುಂತ್ರೂ ನಾ ಏಳಾಂವಲ್ಲ,” ಎಂದು ಹೆಂಡತಿಗೆ ಹೇಳಿದ. ಹೇಳಿದ್ದು ಸಾಲದೆಂದು ಮೊಬೈಲನ್ನು ಜೋಳದ ಚೀಲದಲ್ಲಿ ಮೊಳಕೈತನಕ ಇಳಿಸಿ ಹೂತುಬಿಟ್ಟ.

ಮೊದಲು ಬಂದವನು ಟ್ರಂಕು ಮಾಡುವ ಹೈದರಸಾಬ. ಅವನೂ ಸಂಘದ ಸದಸ್ಯನೇ. ಬಂದವನು ಬಾಲಪ್ಪನ ಇಸ್ತ್ರಿ ಅಂಗಿ ನೋಡಿ ಮುಖ ಸಣ್ಣದು ಮಾಡಿದ.

“ಬಾಲಪ್ಪಣ್ಣಾ, ಗಂಗಾವತಿಗೆ ಹೊಂಟೀನಿ ನೋಡು. ನಮ್ಮ ಭಾವನ ಮನ್ಯಾಗ ದಾವತ್ ಐತಿ. ಬಿರ್ಯಾನಿ! ನಿನ್ನ ಕರಕೊಂಡು ಬಾ ಅಂತ ಖಾಸಾ ಹೇಳಿ ಕಳಿಸ್ಯಾರ.”

“ನೀ ಗಂಗಾವತಿಗೆ ಹೋದ್ರ ಸಭಾಕ್ಕ ಯಾರು ಬರ್ತಾರಪಾ?”

“ನಾ ನಿನ್ನ ಅಲ್ಲಿ ಕುಂದ್ರಿಸಿ, ಎರಡು ತುತ್ತು ಉಂಡು ಲಗೂನ ಬಂದಬಿಡ್ತೀನಿ. ನೀ ಸಾವಕಾಶ ಉಂಡು ಬಾ.”

“ಹೈದರಣ್ಣಾ, ಒಂದು ಜಾವಳದ ಊಟ ಇನ್ನೂ ಅರಗಿಲ್ಲ ನನಗ,” ಎಂದು ಬಾಲಪ್ಪ ಕೈ ಮುಗಿದ. ಬಿರ್ಯಾನಿ ಎಂದಾಗ ಬಾಯಲ್ಲಿ ನೀರೂರಿದ್ದು ನಿಜ, ಆದರೆ ನುಂಗಿಕೊಂಡ. ಹೈದರಸಾಬ ಗಂಗಾವತಿಗೂ ಹೋಗಲಿಲ್ಲ, ಎಲ್ಲಿಗೂ ಹೋಗಲಿಲ್ಲ. ನೆಟ್ಟಗೆ ಮನೆಗೆ ಹೋಗಿ ತಾನೂ ಅಂಗಿಗೆ ಇಸ್ತ್ರಿ ಹಾಕಿಸಿದ.

ಅಷ್ಟರಲ್ಲಿ ಗಿರಾಕಿ ಮಾರೆವ್ವ ಮೂಲೆಯ ಚೀಲಕ್ಕೆ ಕಿವಿ ಹಚ್ಚಿ ಹೌಹಾರಿದಳು. “ಯಪ್ಪಾ ಬಾಲಪ್ಪಾ, ನಿನ್ನ ಜ್ವಾಳ ಗುರ್ ಅನ್ನಾಕತ್ತಾವಲ್ಲೋ!”

“ಇಲಿ ಇರಬೇಕ ಬಿಡಬೇ.”

“ಇಲಿ ಹಿಂಗ ತಾಳ ಹಿಡಿದು ಒದರತೈತೇನು? ಒಮ್ಮಿ ಒದರತೈತಿ, ಸುಮ್ಮನಾಕ್ಕೈತಿ, ಮತ್ತ ಒದರತೈತಿ.”

ಬಾಲಪ್ಪ ಇನ್ನೊಂದು ಚೀಲ ತಂದು ಅದರ ಮೇಲೆ ಹೇರಿದ. ಗುರ್ ಎನ್ನುವುದು ನಿಂತಿತು. ಅವನು ಗೆದ್ದೆ ಎಂದುಕೊಂಡ. ಆದರೆ ಫೋನು ಎತ್ತದಿದ್ದರೆ ಫೋನು ಮಾಡಿದವನೇ ಎದ್ದು ಬರುತ್ತಾನೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ಸ್ವಲ್ಪ ಹೊತ್ತಿಗೆ ಗಿರಣಿಯ ಮುಂದೆ ಒಂದು ಟಿವಿಎಸ್ ಗಾಡಿ ಕೆಮ್ಮುತ್ತ ನಿಂತಿತು. ಇಳಿದವನು ಊರ ಹೊರಗಿನ ಕೆಂಪು ಹೊಲದ ರೈತ ಲಕ್ಷ್ಮಣಪ್ಪ.

ಲಕ್ಷ್ಮಣಪ್ಪನಿಗೂ ಅವನ ತಮ್ಮ ರಾಮಪ್ಪನಿಗೂ ಬದುವಿನ ಜಗಳವಾಗಿ ಮಾತು ಬಿಟ್ಟು ಬಹಳ ವರ್ಷವಾಗಿತ್ತು. ಹಿರಿಯವನಿಗೆ ಲಕ್ಷ್ಮಣ, ಕಿರಿಯವನಿಗೆ ರಾಮ ಎಂದು ಹೆಸರಿಟ್ಟಾಗಲೇ ಆ ಮನೆಯ ಹಣೆಬರಹ ತಿರುವುಮುರುವಾಗಿತ್ತು ಎಂದು ಊರವರು ನಗುತ್ತಿದ್ದರು. ಇಬ್ಬರ ಹೊಲದಲ್ಲೂ ಈ ಸಲ ಸೂರ್ಯಕಾಂತಿ. ಸಂಘದ ಪೆಟ್ಟಿಗೆ ಇದ್ದದ್ದು ಅಣ್ಣನ ಹೊಲದಲ್ಲಿ.

“ನಿಮ್ಮ ಹುಳಕ್ಕ ಸ್ವಲ್ಪ ಬುದ್ಧಿ ಹೇಳ್ರಿ ಬಾಲಪ್ಪ,” ಎಂದ ಲಕ್ಷ್ಮಣಪ್ಪ ಕೆಂಡದಂಥ ಮುಖ ಮಾಡಿ. “ಪೆಟ್ಟಿಗಿ ನನ್ನ ಹೊಲದಾಗ. ನೀರು ಇಡಾಂವ ನಾನು, ಇರುವಿ ಹತ್ತದಂಗ ಕಾಯಾಂವ ನಾನು. ಇವು ಎದ್ದ ಕೂಡ್ಲೇ ಬದು ದಾಟಿ ಆ ನನ್ನ ತಮ್ಮನ ಹೊಲಕ್ಕ ಹೊಕ್ಕಾವ! ಬದುವಿಗುಂಟ ಮನ್ಯಾಕಿ ಸೀರಿ ಎಲ್ಲಾ ಕಟ್ಟಿ ನೋಡಿದೆ. ಮ್ಯಾಲಿಂದ ಹಾರಿ ಹೊಕ್ಕಾವ್ರಿ!”

“ಲಕ್ಷ್ಮಣಪ್ಪಣ್ಣಾ, ನಾಳೆ ಮುಂಜಾನಿ ಬಂದು ನೋಡ್ತೀನಿ. ಇವತ್ತ ಸಭಾ ಐತಿ.”

“ನಾಳೆ ಗೀಳೆ ಇಲ್ಲ. ಈಗ ಬರ್ತೀರೋ, ಇಲ್ಲಾ ನಾನ ಪೆಟ್ಟಿಗಿ ತಲಿಮ್ಯಾಲೆ ಹೊತ್ಕೊಂಡು ಬಂದು ನಿಮ್ಮ ಗಿರಣ್ಯಾಗ ಇಡ್ಲೋ?”

ನಡುಹಗಲಲ್ಲಿ ಹುಳ ಹಾರಾಡುವಾಗ ಜೇನುಪೆಟ್ಟಿಗೆ ತಲೆಯ ಮೇಲೆ ಹೊತ್ತು ಊರ ನಡುವೆ ಬಂದರೆ ಏನಾಗುತ್ತದೆಂದು ಬಾಲಪ್ಪ ಕಣ್ಣ ಮುಂದೆ ತಂದುಕೊಂಡ. ನಾಲ್ಕಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು. “ನಡೀರಿ,” ಎಂದು ಗಾಡಿಯ ಹಿಂದೆ ಹತ್ತಿದ.

ಹೊಲದಲ್ಲಿ ಲಕ್ಷ್ಮಣಪ್ಪ ಹೇಳಿದ್ದು ಸುಳ್ಳಾಗಿರಲಿಲ್ಲ. ಬದುವಿನ ಉದ್ದಕ್ಕೂ ಗೂಟ ಹುಗಿದು ಇಳಕಲ್ ಸೀರೆ, ನೂಲಿನ ಸೀರೆ, ಮದುವೆಯ ಸೀರೆ ಸಾಲಾಗಿ ಕಟ್ಟಿದ್ದ. ದೂರದಿಂದ ನೋಡಿದವರಿಗೆ ಯಾವುದೋ ಅರಿವೆ ಅಂಗಡಿ ಹೊಲಕ್ಕೆ ಬಂದಂತೆ ಕಾಣುತ್ತಿತ್ತು. ಹುಳಗಳು ಪೆಟ್ಟಿಗೆಯಿಂದ ಎದ್ದು, ಲಕ್ಷ್ಮಣಪ್ಪನ ಹೂಗಳ ಮೇಲೆ ಒಂದಿಷ್ಟು ಕೂತು, ಸೀರೆಗಳ ಮೇಲಿಂದ ಆರಾಮಾಗಿ ಹಾರಿ ತಮ್ಮನ ಹೊಲಕ್ಕೆ ಇಳಿಯುತ್ತಿದ್ದವು.

ಹುಳಕ್ಕೆ ಬದು ತಿಳಿಯುವುದಿಲ್ಲ ಎಂದು ಬಾಲಪ್ಪ ಹೇಳಿ ನೋಡಿದ. ಉಪಯೋಗವಾಗಲಿಲ್ಲ. ಇಬ್ಬರ ಹೊಲಕ್ಕೂ ಲಾಭ ಎಂದ. ಅದಕ್ಕೆ ಲಕ್ಷ್ಮಣಪ್ಪನ ಮುಖ ಇನ್ನಷ್ಟು ಕೆಂಪಾಯಿತು. ಬಿಸಿಲು ತಲೆಯ ಮೇಲಿಂದ ವಾಲತೊಡಗಿತು. ಬಾಲಪ್ಪನ ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿತು. ಸಭೆ ತಪ್ಪೀತೆಂಬ ಭಯಕ್ಕೆ ಅವನ ತಲೆ ಎಂದೂ ಓಡದಷ್ಟು ಚುರುಕಾಗಿ ಓಡಿತು.

“ಲಕ್ಷ್ಮಣಪ್ಪಣ್ಣಾ, ಹುಳ ಅಲ್ಲಿಗೆ ಯಾಕ ಹೋಗ್ತಾವ?” ಎಂದು ಸಣ್ಣ ದನಿಯಲ್ಲಿ ಕೇಳಿದ.

“ಯಾಕ?”

“ಹೂವಿನ ರಸ ತರಾಕ. ತಂದು ಎಲ್ಲಿ ತುಂಬತಾವ?”

“ಪೆಟ್ಟಿಗ್ಯಾಗ.”

“ಪೆಟ್ಟಿಗಿ ಎಲ್ಲೈತಿ?”

ಲಕ್ಷ್ಮಣಪ್ಪ ಪೆಟ್ಟಿಗೆ ನೋಡಿದ. ತಮ್ಮನ ಹೊಲ ನೋಡಿದ. ಮತ್ತೆ ಪೆಟ್ಟಿಗೆ ನೋಡಿದ. ಅವನ ಮೀಸೆ ನಿಧಾನವಾಗಿ ಅಗಲವಾಯಿತು. “ಅಂದ್ರ ನನ್ನ ಹುಳ ಅವನ ಹೊಲದಾಗ ಕಳುವು ಮಾಡಾಕತ್ತಾವ!”

“ಹಗಲೊತ್ತಿನ್ಯಾಗ. ಅವನ ಕಣ್ಣ ಮುಂದ.”

“ಭಾಳ ಛಲೋ ಹುಳ ಅದಾವ್ರಿ ಇವು!” ಎಂದು ಲಕ್ಷ್ಮಣಪ್ಪ ಓಡಿಹೋಗಿ ಸೀರೆ ಬಿಚ್ಚತೊಡಗಿದ, ಕಳ್ಳರಿಗೆ ದಾರಿ ಸುಗಮವಾಗಲಿ ಎಂದು.

ಬಾಲಪ್ಪ ಉಸಿರು ಬಿಟ್ಟು ತಿರುಗಿದರೆ, ಬಿಚ್ಚಿದ ಸೀರೆಯ ಆಚೆ ರಾಮಪ್ಪ ಬಡಿಗೆ ಹಿಡಿದು ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

“ನನ್ನ ಹೂವಿನ ರಸ ಕದ್ದು ಅವನ ಪೆಟ್ಟಿಗಿ ತುಂಬಾಕ ಕಳ್ಳ ಹುಳ ತಂದು ಬಿಟ್ಟೀರೇನು? ಸಂಘ ಕಟ್ಟಿ ಇದನ್ನ ಮಾಡಾಕತ್ತೀರಿ?”

ರಾಮಪ್ಪ ಬದು ಹಾರಿದ. ಬಾಲಪ್ಪ ಓಡಿದ. ಹೊಲದ ಅಂಚಿನ ಬಳ್ಳಾರಿ ಜಾಲಿಯ ಮುಳ್ಳು ಅವನ ಒಗೆದ ಧೋತರವನ್ನು ಹಿಡಿದು, ಮಾತಾಡಿ ಹೋಗು ಎನ್ನುವಂತೆ ಎಳೆದು ನಿಲ್ಲಿಸಿತು. ಅರ್ಧ ಧೋತರ ಮುಳ್ಳಲ್ಲಿ, ಇನ್ನರ್ಧ ಕೈಯಲ್ಲಿ ಹಿಡಿದು ಬಾಲಪ್ಪ ಕೂಗಿದ:

“ರಾಮಪ್ಪಾ, ಹೊಡೀಬ್ಯಾಡಪಾ! ಮೊದಲ ಹುಳದ ಕಾಲು ನೋಡು! ಕಾಲಿಗೆ ಹಳದಿ ಪುಡಿ ಹತ್ತೈತಿಲ್ಲ? ಅದು ಯಾರ ಹೊಲದ್ದು?”

ಬಡಿಗೆ ಗಾಳಿಯಲ್ಲೇ ನಿಂತಿತು. “ಯಾರದು?”

“ನಿಮ್ಮಣ್ಣಂದು,” ಎಂದು ಬಾಲಪ್ಪ ದನಿ ಇಳಿಸಿದ. “ಅವನ ಹೂವಿನ ಪುಡಿ ಹೊತ್ಕೊಂಡು ಬಂದು ನಿನ್ನ ಹೂವಿಗೆ ಸುರೀತಾವ. ಅದರಿಂದನ ನಿನ್ನ ಕಾಳು ಗಟ್ಟಿ ಆಗಾದು. ಅವನ ಮಾಲು ಪುಗಸಟ್ಟೆ ನಿನ್ನ ಮನಿಗೆ ಬರಾಕತ್ತೈತಿ. ಅವಗ ಹೇಳಬ್ಯಾಡ ಮತ್ತ.”

ರಾಮಪ್ಪ ಬಡಿಗೆ ಇಳಿಸಿ ಒಂದು ಹೂವಿನ ಹತ್ತಿರ ಬಗ್ಗಿದ. ಹುಳದ ಕಾಲು ನೋಡಿದ. ಅವನಿಗೂ ನಗು ಬಂತು. ಬಾಲಪ್ಪ ಮುಳ್ಳಿನಿಂದ ಬಿಡಿಸಿಕೊಂಡು ಹಿಂದಿರುಗಿ ನೋಡಿದಾಗ ಅಣ್ಣತಮ್ಮಂದಿರಿಬ್ಬರೂ ಬದುವಿನ ಮೇಲೆ, ನಡುವೆ ಎರಡು ಮಾರು ಜಾಗ ಬಿಟ್ಟು ಕೂತಿದ್ದರು. ಹೆಚ್ಚು ಕದ್ದವನು ತಾನೇ ಎಂದುಕೊಂಡು ಇಬ್ಬರೂ ಬೇರೆ ಬೇರೆ ಕಡೆ ಮುಖ ಮಾಡಿ ನಗುತ್ತಿದ್ದರು. ಎಷ್ಟೋ ವರ್ಷದ ಮೇಲೆ ಆ ಬದುವಿನಲ್ಲಿ ಇಬ್ಬರೂ ಒಟ್ಟಿಗೆ ಕೂತದ್ದು ಕಂಡು, ಅಷ್ಟು ಗಡಿಬಿಡಿಯಲ್ಲೂ ಬಾಲಪ್ಪನಿಗೆ ಹಿತವೆನಿಸಿತು. ಆದರೆ ಲಕ್ಷ್ಮಣಪ್ಪ ಈ ಆನಂದ ಬಿಟ್ಟು ಗಾಡಿ ಮೇಲೆ ಅವನನ್ನು ಊರಿಗೆ ಬಿಡಲು ಒಲ್ಲೆನೆಂದ. ಬಾಲಪ್ಪ ಹರಿದ ಧೋತರ ಎತ್ತಿ ಕಟ್ಟಿ ಊರ ಕಡೆ ಓಡಿದ.

ನೆಟ್ಟಗೆ ಸಮುದಾಯ ಭವನಕ್ಕೇ ಹೋಗಿಬಿಡುತ್ತಿದ್ದ. ಆದರೆ ದಾರಿಯಲ್ಲಿ ಗಿರಣಿ. ಗಿರಣಿಯ ಮುಂದೆ ಹೆಂಗಸರ ಸಂತೆ. ಒಳಗೆ ಹೋಗಲು ಯಾರೂ ತಯಾರಿಲ್ಲ.

“ಬಂದ್ಯಾ ನಮ್ಮಪ್ಪ!” ಎಂದಳು ಮಾರೆವ್ವ. “ಕರೆಂಟು ಬಂದು ತಾಸಾತು. ನಿನ್ನ ಮೋಟಾರು ಚಾಲೂ ಮಾಡಾಕ ಯಾರ ಎದೀನೂ ಇಲ್ಲ.”

ಬಾಲಪ್ಪ ಇಣುಕಿದ. ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಯ ಮೇಲೆ, ಹಸಿರು ಗುಂಡಿಯೂ ಕಾಣದಂತೆ, ಕುಂಬಳಕಾಯಿ ಗಾತ್ರದ ಜೇನುಹಿಂಡು ಜೋತುಬಿದ್ದು ಗುಂಯ್ಗುಡುತ್ತಿತ್ತು. ಎಲ್ಲಿಂದ ಬಂತೆಂದು ಹುಡುಕಬೇಕಾಗಿರಲಿಲ್ಲ. ಊರವರ ಪೆಟ್ಟಿಗೆಗಳ ಸೇವೆ ಮಾಡುತ್ತ ಬಾಲಪ್ಪ ತನ್ನ ಹಿತ್ತಲ ಪೆಟ್ಟಿಗೆಯನ್ನು ತಿಂಗಳುಗಟ್ಟಲೆ ತೆರೆದು ನೋಡಿರಲಿಲ್ಲ. ಒಳಗೆ ಜಾಗ ಸಾಲದೆ ಅರ್ಧ ಸಂಸಾರ ಬೇರೆಯಾಗಿ, ಹತ್ತಿರದಲ್ಲಿ ಸಿಕ್ಕ ಪೆಟ್ಟಿಗೆ ಇದೇ ಎಂದು ಬಂದು ಕೂತುಬಿಟ್ಟಿತ್ತು.

“ಇನ್ನ ಸ್ವಲ್ಪ ಹೊತ್ತು ನೋಡ್ತೀವಿ. ಆಮ್ಯಾಲೆ ಹೊಸ ಗಿರಣಿಗೆ ಹೊಕ್ಕೀವಿ,” ಎಂದು ಹೆಂಗಸರು ಬುಟ್ಟಿಗಳನ್ನು ಸೊಂಟಕ್ಕೇರಿಸತೊಡಗಿದರು.

ಸಭೆಗೆ ಹೋದರೆ ಇವತ್ತಿನ ಗಿರಾಕಿ ಹೋಯಿತು. ಇಲ್ಲಿ ನಿಂತರೆ ಬರುವ ವರ್ಷವಿಡೀ ಗಿರಾಕಿ ಹೋಯಿತು. ಬಾಲಪ್ಪನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆಗ ಒಳಗಿಂದ ಲಲಿತಾ ಬಂದಳು. ಸಭೆಗೆಂದು ಹಸಿರು ಸೀರೆ ಉಟ್ಟು, ಹೂ ಮುಡಿದು ಸಜ್ಜಾಗಿದ್ದಳು. ಗಂಡನ ಧೋತರ ನೋಡಿದಳು, ಮುಖ ನೋಡಿದಳು, ಸ್ಟಾರ್ಟರ್ ನೋಡಿದಳು. ಸೆರಗು ಸೊಂಟಕ್ಕೆ ಸಿಗಿಸಿದಳು.

“ಆ ಜಾಳಿಗಿ ಟೊಪಗಿ ಕೊಡ್ರಿ ಇಲ್ಲಿ.”

“ಯಾಕ?”

“ಯಾಕಂದ್ರ? ನೀವು ಸಭಾಕ್ಕ ಹೋಗ್ರಿ, ಹುಳ ನಾ ಇಳಿಸ್ತೀನಿ. ಇಬ್ರೂ ಕೂಡೇ ತರಬೇತಿ ತಗೊಂಡೇವಿ, ನೀವೊಬ್ರ ಕಲತಿಲ್ಲ. ಈ ಸಲ ನೀವು ಅಲ್ಲಿ ಇರಲಿಲ್ಲಂದ್ರ ನಾವು ಹಿಟ್ಟು ತಿಂದಂಗನ.”

ಬಾಲಪ್ಪನಿಗೆ ಅವಳ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಮಾರೆವ್ವ ಅಲ್ಲಿ ಇಲ್ಲದಿದ್ದರೆ ಕೈ ಹಿಡಿದೇಬಿಡುತ್ತಿದ್ದ. ಮೂರು ವರ್ಷದ ಹಿಂದೆ ಕೈ ಎತ್ತಿದ ತಪ್ಪನ್ನೆಲ್ಲ ಆ ಕ್ಷಣಕ್ಕೆ ಮಾಫಿ ಮಾಡಿದ. ಚೀಲದಿಂದ ಮೊಬೈಲು ಅಗೆದು ತೆಗೆದು, ಯಾರ ಕೊರಳಿಗಾದರೂ ಕಟ್ಟಿಯೇ ಬರುತ್ತೇನೆಂದು ಸಮುದಾಯ ಭವನಕ್ಕೆ ಓಡಿದ.

ಸಭೆ ಶುರುವಾಗುವುದರಲ್ಲಿತ್ತು. ಬಾಗಿಲಲ್ಲಿ ಕಾಲಿಟ್ಟ ಬಾಲಪ್ಪನನ್ನು ಕಂಡು ಇಡೀ ಸಂಘಕ್ಕೆ ಗರ ಬಡಿದಂತಾಯಿತು. ಸಂಘ ಹುಟ್ಟಿದಂದಿನಿಂದ ಇಷ್ಟು ಜನ ಸಭೆಗೆ ಬಂದದ್ದೇ ಇರಲಿಲ್ಲ. ಹೈದರಸಾಬ ಇಸ್ತ್ರಿ ಅಂಗಿಯಲ್ಲಿ ಮೊದಲ ಸಾಲಿನಲ್ಲಿದ್ದ. ಅಂಗನವಾಡಿಯ ಶಾಂತಕ್ಕ ಮಗಳನ್ನು ನೋಡಲು ಬಂದ ಬೀಗರಿಗೆ ಚಹಾ ಕೊಟ್ಟು, ಲೋಟ ತೊಳೆಯದೆ ಬಂದಿದ್ದಳು. ನಿವೃತ್ತ ಹೆಡ್‌ಮಾಸ್ತರು ವಿರೂಪಾಕ್ಷಪ್ಪನವರು ಕಾಲು ಮುರಿದು ಕೊಪ್ಪಳದಲ್ಲಿ ಮಲಗಿದ್ದವರು, ಪ್ಲಾಸ್ಟರ್ ಕಾಲನ್ನು ಆಟೋದಿಂದ ಹೊರಗೆ ಚಾಚಿಕೊಂಡು ಬಂದು ಇಳಿದಿದ್ದರು. ಬಾಲಪ್ಪ ಹೇಗೂ ಬರುವುದಿಲ್ಲ ಎಂಬ ಧೈರ್ಯ ಹೈದರಸಾಬನನ್ನು ಬಿಟ್ಟು ಉಳಿದವರಿಗೆಲ್ಲ ಇತ್ತು, ಆದರೂ ಮುನ್ನೆಚ್ಚರಿಕೆ ಒಳ್ಳೆಯದಲ್ಲವೇ.

ಅಧ್ಯಕ್ಷ ಗೋವಿಂದರಾಜ ಮೊದಲು ಚೇತರಿಸಿಕೊಂಡ. ಮೇಜಿನ ಮೇಲೆ ಹೊಸ ಕಾರ್ಯದರ್ಶಿಗೆಂದು ತಂದ ಚೆಂಡುಹೂವಿನ ಹಾರವಿತ್ತು. ಈ ಸಲ ಬಾಲಪ್ಪನನ್ನು ಹಾರ ಹಾಕಿ ಸಮಾಧಾನ ಮಾಡೋಣವೆಂದು ಅವನೇ ತರಿಸಿದ್ದ.

“ಭಾಳ ಸಂತೋಷ,” ಎಂದ ಗೋವಿಂದರಾಜ. “ಇವತ್ತ ಎಲ್ಲಾರೂ ಬಂದೀರಿ. ಬರದಾಂವ ಅನ್ನಾಂವ ಯಾರೂ ಇಲ್ಲ. ಅಂದಮ್ಯಾಲೆ ಹಳೇ ಕಾರ್ಯದರ್ಶಿನ ಮುಂದುವರೀಲಿ ಅಂತ ನನ್ನ...”

“ಏ, ತಡೀರಿ!” ಬಾಲಪ್ಪ ಹಾರಿ ನಿಂತ. ಒಂದು ಕೈಯಲ್ಲಿ ಧೋತರ, ಒಂದು ಕೈಯಲ್ಲಿ ಮೊಬೈಲು. “ಮೂರು ವರ್ಷ ನಿಯಮ ನಿಯಮ ಅಂತ ನನ್ನ ಕುತ್ತಿಗಿಗೆ ಕಟ್ಟಿದ್ರಿ. ಇವತ್ತ ನಾ ಬಂದ ಕೂಡ್ಲೇ ನಿಯಮ ಇಲ್ಲೇನು? ಬರದಾಂವ ಯಾರೋ ಒಬ್ಬಾಂವ ಇರಬೇಕು. ಛಲೋತ್ನಂಗ ನೋಡ್ರಿ! ಯಾಂವ ಬಂದಿಲ್ಲೋ ಅಂವನ ಕಾರ್ಯದರ್ಶಿ!”

ಎಲ್ಲರೂ ಅಕ್ಕಪಕ್ಕ ನೋಡಿದರು. ವಿರೂಪಾಕ್ಷಪ್ಪನವರಿಗೆ ನಿಯಮ ಎಂಬ ಮಾತು ಕಿವಿಗೆ ಬಿದ್ದರೆ ಜ್ವರವಿದ್ದರೂ ಇಳಿಯುತ್ತಿತ್ತು. ಪ್ಲಾಸ್ಟರ್ ಕಾಲನ್ನು ಸರಿಮಾಡಿ ಇಟ್ಟುಕೊಂಡು ಕೇಳಿದರು:

“ಬಾಲಪ್ಪ, ವಿಚಾರ ಮಾಡಿ ಹೇಳು. ಯಾರೇ ಆಗ್ಲಿ ಅಂತೀಯೇನು?”

“ಯಾರೇ ಆಗ್ಲಿ ಮಾಸ್ತರ್ರ!”

“ಬಂಧು ಬಳಗ ಅಂತ ಆಮ್ಯಾಲೆ ತಕರಾರು ತಗೀಬಾರದು.”

“ನನ್ನ ಒಡಹುಟ್ಟಿದಾಂವ ಇದ್ರೂ ಬಿಡಂಗಿಲ್ಲ.”

“ಬರದಿದ್ದವರು ಸಂಘದ ಕೆಲಸದ ಮ್ಯಾಲೆ ಹೋಗಿದ್ರ?”

ಬಾಲಪ್ಪನಿಗೆ ಸಾಣಾಪುರದ ಹೋಟೆಲಿನ ಸೂರು ನೆನಪಾಗಿ ಕಣ್ಣು ಕೆಂಪಾಯಿತು. “ಹೋದ ವರ್ಷ ನಾನೂ ಸಂಘದ ಕೆಲಸಕ್ಕನ ಹೋಗಿದ್ದೆ. ಬಿಟ್ರೇನು ನೀವು? ಅದೆಲ್ಲಾ ನಡ್ಯಂಗಿಲ್ರಿ. ಯಾರು ಬಂದಿಲ್ಲೋ ಅವರ ಮನೀತನಕಾ ಹೋಗಿ, ಆ ಹಾರ ನನ್ನ ಕೈಯಾರೆ ಅವರ ಕೊಳ್ಳಿಗೆ ಹಾಕಿ, ಈ ಮೊಬೈಲು ಕೊಟ್ಟು ಬರ್ತೀನಿ. ತಾಯಾಣಿಗೂ!”

ಶಾಂತಕ್ಕ ಸುತ್ತ ಒಮ್ಮೆ ಕಣ್ಣಾಡಿಸಿದಳು. ಮೆಲ್ಲಗೆ, ಯಾರ ಮನಸ್ಸಿಗೂ ನೋವಾಗದಂತೆ ಕೇಳಿದಳು.

“ಬಾಲಪ್ಪಣ್ಣಾ, ಲಲಿತಾ ಎಲ್ಲಿ?”

ಮುಂದೆ ಏನಾಯಿತೆಂದು ಬಾಲಪ್ಪನಿಗೆ ಸರಿಯಾಗಿ ನೆನಪಿಲ್ಲ. ಚಪ್ಪಾಳೆಯ ಸದ್ದಿಗೆ ಭವನದ ತಗಡು ನಡುಗಿತಂತೆ. ಹೈದರಸಾಬ ಎದ್ದು ಬಂದು ಅವನನ್ನು ಅಪ್ಪಿಕೊಂಡನಂತೆ. “ಮೊದಲನೇ ಮಹಿಳಾ ಕಾರ್ಯದರ್ಶಿ!” ಎಂದು ಗೋವಿಂದರಾಜ ಮೇಜು ಕುಟ್ಟಿ ಸಾರಿದನಂತೆ. ಬಾಲಪ್ಪ ಏನೋ ಹೇಳಲು ಬಾಯಿ ತೆರೆದ. ವಿರೂಪಾಕ್ಷಪ್ಪನವರು ಬೆರಳೆತ್ತಿ, “ತಾಯಾಣಿ ಇಟ್ಟೀಯಪಾ,” ಎಂದರು. ಅವನು ಮೇಜಿನ ಮೇಲಿನ ಹಾರ ಕೈಗೆತ್ತಿಕೊಂಡ.

ಇಡೀ ಸಂಘ ಮೆರವಣಿಗೆಯಲ್ಲಿ ಗಿರಣಿಗೆ ಬಂತು. ಮುಂದೆ ಹರಿದ ಧೋತರದ ಬಾಲಪ್ಪ, ಕೈಯಲ್ಲಿ ಹಾರ.

ಗಿರಣಿ ಭರ್ರೆಂದು ಓಡುತ್ತಿತ್ತು. ಜೇನುಹಿಂಡು ಒದ್ದೆ ಅರಿವೆ ಮುಚ್ಚಿದ ಬುಟ್ಟಿಯೊಳಗೆ ಮೂಲೆಯಲ್ಲಿ ತಣ್ಣಗೆ ಕೂತಿತ್ತು. ಲಲಿತಾ ತಲೆಯಿಂದ ಕಾಲತನಕ ಹಿಟ್ಟು ಮೆತ್ತಿಕೊಂಡು, ಮಾರೆವ್ವನ ಜೋಳ ಸುರಿಯುತ್ತಿದ್ದಳು. ಒಂದು ಹುಳ ಅವಳ ಹುಬ್ಬಿನ ಮೇಲೆ ಕಚ್ಚಿ ಅಲ್ಲಿ ಸಣ್ಣ ಬೋರೆಹಣ್ಣಿನಂತೆ ಊದಿತ್ತು. ಬುಟ್ಟಿ ಹೊತ್ತ ಒಬ್ಬ ಗಿರಾಕಿಯೂ ಹೋಗಿರಲಿಲ್ಲ. ಜೇನು ಹಿಡಿಯುವುದನ್ನು ನೋಡಲು ಹೊಸ ಗಿರಣಿಯ ಗಿರಾಕಿಗಳೂ ಬಂದು ನಿಂತಿದ್ದರು.

ಸುದ್ದಿ ಕೇಳಿ ಲಲಿತಾ ಗಂಡನ ಮುಖ ನೋಡಿದಳು. “ನೀವು ಅಲ್ಲೇ ಇದ್ರೆಲ್ಲ. ನೀವರ ಬ್ಯಾಡ ಅನ್ನಬಾರದಾ?”

ಬಾಲಪ್ಪ ಇಡೀ ಊರಿನ ಹೆಂಗಸರು ನೋಡುತ್ತಿರುವಾಗ ಹಾರ ಎತ್ತಿ ಅವಳ ಕೊರಳಿಗೆ ಹಾಕಿದ. ಮಾರೆವ್ವ, “ಎರಡನೇ ಲಗ್ನಕ್ಕ ನಮಗೂ ಹುಗ್ಗಿ ಹಾಕಬೇಕಪಾ!” ಎಂದು ಅಕ್ಕಿಯ ಬದಲು ಒಂದು ಹಿಡಿ ಜೋಳ ಎರಚಿದಳು. ಹಿಟ್ಟಿನಲ್ಲಿ ಬೆಳ್ಳಗಾಗಿ, ಹುಬ್ಬು ಊದಿಸಿಕೊಂಡು, ಹಾರ ಹಾಕಿಕೊಂಡು ನಿಂತ ಹೆಂಡತಿಯನ್ನು ಕಂಡು ಬಾಲಪ್ಪನಿಗೆ ಹೆಮ್ಮೆಯಾಯಿತು, ಅದನ್ನು ಮುಚ್ಚಿಡಲೂ ಆಗಲಿಲ್ಲ. ಜೊತೆಗೆ ಒಳಗೊಳಗೇ ಒಂದು ಸಮಾಧಾನ: ಏನೇ ಆಗಲಿ, ನಾನಂತೂ ಬಿಡುಗಡೆಯಾದೆ. ಮೊಬೈಲನ್ನು ಅವಳ ಕೈಗಿಟ್ಟ. ಇನ್ನು ಗಿರಣಿಯಲ್ಲಿ ಕಾಲು ಚಾಚಿ ಕೂರಬಹುದು.

ಇಟ್ಟ ಕೈ ಇನ್ನೂ ಹಿಂದೆ ತೆಗೆದಿರಲಿಲ್ಲ, ಅದು ಕೂಗಿತು.

“ಹಲೋ,” ಎಂದಳು ಲಲಿತಾ. “ಹೌದ್ರಿ, ಕಾರ್ಯದರ್ಶಿನ ಮಾತಾಡಾಕತ್ತೀನ್ರಿ. ಎಲ್ಲಿ, ಹಿಟ್ನಾಳದಾಗ? ಗುಡಿಸಲ ಬಾಗಲಕ್ಕ? ಏ, ಬೆಂಕಿ ಗಿಂಕಿ ಹಚ್ಚಬ್ಯಾಡ್ರಿ, ಕಲ್ಲು ಒಗೀಬ್ಯಾಡ್ರಿ. ನಾ ಹೆಂಗ ಬರ್ಲ್ರಿ, ಗಿರಣಿ ಚಾಲೂ ಐತಿ, ಗಿರಾಕಿ ನಿಂತಾರ. ಚಿಂತಿ ಬ್ಯಾಡ, ನಮ್ಮ ಮನಿಯವರನ್ನ ಕಳಸ್ತೀನಿ.”

ಮೊಬೈಲನ್ನು ಸೊಂಟಕ್ಕೆ ಸಿಗಿಸಿ, ಜಾಳಿಗೆ ಟೊಪ್ಪಿಗೆ ತೆಗೆದು ಗಂಡನ ತಲೆಯ ಮೇಲಿಟ್ಟಳು. “ಬಸ್ಸು ಬರೋ ಹೊತ್ತಾತು. ಲಗೂನ ಹೋಗ್ರಿ.”

“ಧೋತರ ಹರದೈತಿ ಲಲಿತಾ.”

“ಹುಳ ಧೋತರ ನೋಡ್ತಾವೇನ್ರಿ?”

ಬಸ್ಸು ಇರಕಲ್ಲಗಡ ದಾಟಿತು. ಜಾಳಿಗೆ ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತ ಬಾಲಪ್ಪ ಬಹಳ ಹೊತ್ತು ಯೋಚಿಸಿದ. ಮೂರು ವರ್ಷ ಕಾರ್ಯದರ್ಶಿಯಾಗಿದ್ದೆ. ಕಾರ್ಯದರ್ಶಿಯಾದವನು ತಾನೇ ಓಡಬೇಕಾಗಿಲ್ಲ, ಇನ್ನೊಬ್ಬರನ್ನು ಕಳಿಸಬಹುದು ಎಂಬುದು ನನಗೇಕೆ ಒಂದು ದಿನವೂ ಹೊಳೆಯಲಿಲ್ಲ ಎಂದು.